ಚೌಟರ ಅರಮನೆಯ ಕಂಬ, ನಮ್ಮ ತರವಾಡಿನ ಕಂಬ

ಕಳೆದ ಶಅಬಾನ್ ತಿಂಗಳ ಒಂದು ಆದಿತ್ಯವಾರ ಮದ್ರಸ ಬಿಟ್ಟು ಮನೆಗೆ ಬರುತ್ತಿದ್ದಾಗ ಮಾವನ ಮಗ ಫೋನ್ ಮಾಡಿದ. “ಉಸ್ತಾದ್, ಮೋಪಿನವರು ಬಂದಿದ್ದಾರೆ. ಒಮ್ಮೆ ತರವಾಡಿಗೆ ಬಂದು ಹೋಗಿ” ಎಂದ. ಚಿಕ್ಕಂದಿನಲ್ಲಿ ಒಟ್ಟಿಗೆ ಗೇರುಬೀಜ ಹೆಕ್ಕಿದವನು. ಆದರೂ ಈಗ ಉಸ್ತಾದ್ ಎಂದೇ ಕರೆಯುವುದು. ಕಷ್ಟದ ಮಾತು ಇದ್ದಾಗ ಆ ಹೆಸರನ್ನು ಸ್ವಲ್ಪ ಹೆಚ್ಚು ಬಳಸುತ್ತಾನೆ.

ಹೋದೆ. ಮರದ ವ್ಯಾಪಾರಿ ಚಾವಡಿಯ ಕಂಬದ ಎದುರು ನಿಂತು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದರು. ಕೆಳಗೆ ಒಂದು ಸಲ, ಎದೆಯ ಮಟ್ಟದಲ್ಲಿ ಒಂದು ಸಲ, ಕೈ ಎಟಕುವಷ್ಟು ಮೇಲೆ ಇನ್ನೊಂದು ಸಲ. ಹಲಸಿನ ಹಣ್ಣು ಬಲಿತಿದೆಯೋ ಎಂದು ನೋಡುವವರ ಹಾಗೆ ಕಿವಿ ಕೊಟ್ಟು ಕೇಳಿದರು. “ಹಲಸು. ತಿರುಳು ಚಿನ್ನದ ಹಾಗೆ ಉಂಟು ಉಸ್ತಾದರೇ. ಒರಲೆ ಮುಟ್ಟಲಿಲ್ಲ” ಎಂದರು. ನಾಲ್ಕು ಕಂಬ, ತೊಲೆಗಳು, ಮುಚ್ಚಿಗೆಯ ಹಲಗೆ, ಎದುರಿನ ದಾರಂದ ಮತ್ತು ಬಾಗಿಲು, ಒಳಗಿನ ಪತ್ತಾಯ, ಎಲ್ಲ ಸೇರಿ ನಾಲ್ಕೂವರೆ ಲಕ್ಷ. ಓಡು ಬೇಡ, ಕಲ್ಲು ಬೇಡ. ಮರ ತೆಗೆದ ಮೇಲೆ ಉಳಿದದ್ದನ್ನು ಜೆಸಿಬಿಯವರು ಅರ್ಧ ದಿನದಲ್ಲಿ ನೆಲಸಮ ಮಾಡಿ ಕೊಡುತ್ತಾರಂತೆ.

ಈ ಮನೆಗೆ ಈಗ ಯಜಮಾನ ಎಂದು ಒಬ್ಬರಿಲ್ಲ. ಉಮ್ಮನ ಉಮ್ಮನಿಗೆ ಅವರ ಉಮ್ಮನ ಕಡೆಯಿಂದ ಬಂದ ಮನೆ ಇದು. ಅಜ್ಜಿಗೆ ಎರಡು ಗಂಡು, ಮೂರು ಹೆಣ್ಣು. ಅಜ್ಜ ಮೊದಲೇ ತೀರಿಹೋಗಿದ್ದರು. ಫರಾಇಝ್ ಲೆಕ್ಕದಲ್ಲಿ ಗಂಡಿಗೆ ಎರಡರಂತೆ ನಾಲ್ಕು, ಹೆಣ್ಣಿಗೆ ಒಂದರಂತೆ ಮೂರು, ಒಟ್ಟು ಏಳು ಪಾಲು. ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಬರೆದು ಕಲಿಸುವಾಗ ಇದು ಎಷ್ಟು ಸುಲಭ! ಆದರೆ ದೊಡ್ಡ ಮಾವ ತೀರಿದರು, ದೊಡ್ಡಮ್ಮ ತೀರಿದರು, ಅವರ ಪಾಲು ಅವರವರ ವಾರಸುದಾರರಿಗೆ ಇಳಿಯಿತು. ಈಗ ಸಹಿ ಹಾಕಬೇಕಾದವರು ಹತ್ತೊಂಬತ್ತು ಮಂದಿ. ಅವರಲ್ಲಿ ಏಳು ಮಂದಿ ಗಲ್ಫಿನಲ್ಲಿ, ಇಬ್ಬರು ಬೆಂಗಳೂರಿನಲ್ಲಿ. ಒಂದು ಕಂಬವನ್ನು ಹತ್ತೊಂಬತ್ತು ಪಾಲು ಮಾಡುವುದು ಹೇಗೆ? ಮಾರಿ ಹಣ ಮಾಡಿದರೆ ಆಗುತ್ತದೆ. ಅದನ್ನೇ ಎಲ್ಲರೂ ಹೇಳುತ್ತಿದ್ದರು. ಉಮ್ಮನ ತಂಗಿ ಮಾತ್ರ ಒಳಗಿನ ಬಾಗಿಲಲ್ಲಿ ನಿಂತು, “ಮೋನೇ, ಉಪ್ಪ ಚಾವಡಿಯನ್ನು ಓದುವ ಮಕ್ಕಳಿಗೆ ಬಿಟ್ಟದ್ದಲ್ವಾ? ಅದನ್ನು ಮಾರಿದರೆ ಹಲಾಲ್ ಆಗ್ತದಾ?” ಎಂದು ಕೇಳಿದರು.

ನಾನು ತಕ್ಷಣ ಉತ್ತರ ಕೊಡಲಿಲ್ಲ. ವ್ಯಾಪಾರಿಗೆ ಒಂದು ತಿಂಗಳ ವಾಯಿದೆ ಕೇಳಿದೆ.

ಮೊದಲು ಆ ಮನೆ ಹೇಗಿದೆ ಎಂದು ಹೇಳಬೇಕು. ಕನ್ಯಾನ ಬಂಟ್ವಾಳ ತಾಲೂಕಿನ ಕೊನೆ, ಆಚೆಗೆ ಕೇರಳ. ನಮ್ಮಲ್ಲಿ ಒಂದೇ ಮನೆಯಲ್ಲಿ ಬ್ಯಾರಿ, ತುಳು, ಮಲಯಾಳ, ಕನ್ನಡ ನಾಲ್ಕೂ ನಡೆಯುತ್ತವೆ. ಮನೆ ಕಟ್ಟುವ ಕ್ರಮದಲ್ಲೂ ಹಾಗೆಯೇ ಬೆರಕೆ. ಗೋಡೆ ಕೆಂಪು ಕಲ್ಲಿನದು, ಮೇಲೆ ಮಣ್ಣಿನ ಗಿಲಾವು. ಆದರೆ ಎದುರಿನ ಚಾವಡಿಯಲ್ಲಿ ಗೋಡೆಯೇ ಇಲ್ಲ. ನಾಲ್ಕು ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಪಕ್ಕಾಸು, ರೀಪು, ಓಡು. ಮಾಡಿನ ಭಾರ ಎಲ್ಲ ಈ ಮರದ ಚೌಕಟ್ಟು ಹೊರುತ್ತದೆ. ಒಂದು ಕಬ್ಬಿಣದ ಮೊಳೆ ಕಾಣುವುದಿಲ್ಲ. ಒಂದು ಮರದ ತುದಿಯನ್ನು ನಾಲಗೆಯ ಹಾಗೆ ಕೆತ್ತಿ, ಇನ್ನೊಂದರಲ್ಲಿ ಅದಕ್ಕೆ ಸರಿಯಾಗಿ ತೂತು ಕೊರೆದು, ಕೂಡಿಸಿ, ಅಡ್ಡಕ್ಕೆ ಮರದ ಗೂಟ ಹೊಡೆದಿದ್ದಾರೆ. ಮಳೆಗಾಲದಲ್ಲಿ ಮರ ಉಬ್ಬಿದಾಗ ಆ ಕೂಡು ಇನ್ನಷ್ಟು ಬಿಗಿಯಾಗುತ್ತದೆ. ಬೇಸಗೆಯಲ್ಲಿ ರಾತ್ರಿ ಮಲಗಿದರೆ ಎಲ್ಲೋ ಒಂದು ಕಡೆ ‘ಟಕ್’ ಎಂದು ಶಬ್ದ ಬರುತ್ತಿತ್ತು. ಚಿಕ್ಕವರಿದ್ದಾಗ ಜಿನ್ನ್ ಎಂದು ಹೆದರಿ ಹೊದಿಕೆ ಎಳೆದುಕೊಳ್ಳುತ್ತಿದ್ದೆವು. ಮರ ಒಣಗಿ ಸರಿಯುವ ಶಬ್ದ ಅದು ಎಂದು ಗೊತ್ತಾದದ್ದು ದೊಡ್ಡವರಾದ ಮೇಲೆ.

ಕಂಬದ ಬುಡ ನೆಲಕ್ಕೆ ತಾಗುವುದಿಲ್ಲ. ಕಲ್ಲಿನ ಪಾದದ ಮೇಲೆ ಕೂತಿದೆ. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಮರ ಬಾಳುವ ಗುಟ್ಟಿನಲ್ಲಿ ಅರ್ಧ ಇಲ್ಲಿದೆ. ನೆಲದ ಪಸೆ ಕಲ್ಲಿನವರೆಗೆ ಬಂದು ನಿಲ್ಲುತ್ತದೆ. ಇನ್ನರ್ಧ ಮಾಡಿನ ಇಳಿಜಾರಿನಲ್ಲಿದೆ. ಮಾಡು ಎಷ್ಟು ಕೆಳಗೆ ಇಳಿದಿದೆ ಎಂದರೆ ದೊಡ್ಡವರು ತಲೆ ತಗ್ಗಿಸಿಯೇ ಜಗಲಿ ಹತ್ತಬೇಕು. ಅಜ್ಜಿ ಇದ್ದಾಗ ಎರಡು ಮೂರು ವರ್ಷಕ್ಕೊಮ್ಮೆ ಪಕ್ಕಾಸಿಗೆ ಗೇರೆಣ್ಣೆ ಹಚ್ಚಿಸುತ್ತಿದ್ದರು. ಅಡುಗೆ ಮನೆಯ ಹೊಗೆ ಅಟ್ಟಕ್ಕೆ ನುಗ್ಗಿ ಮರವನ್ನೆಲ್ಲ ಕಪ್ಪು ಮಾಡಿತ್ತು. ಆ ಹೊಗೆಯೇ ಒರಲೆಗೆ ಔಷಧ. ಗ್ಯಾಸ್ ಬಂದ ಮೇಲೆ ಆ ಔಷಧ ನಿಂತುಹೋಯಿತು.

ಈ ಚಾವಡಿಯಲ್ಲಿ ಏನೇನು ನಡೆದಿದೆ! ನಮ್ಮ ಅಜ್ಜಿಯ ನಿಕಾಹ್ ಆದದ್ದು ಇಲ್ಲೇ, ಪುದಿಯಾಪ್ಲೆಯನ್ನು ಕೂರಿಸಿದ್ದು ಇಲ್ಲೇ. ಭತ್ತ ಅಳೆದದ್ದು, ಅಡಿಕೆ ಸುಲಿದದ್ದು, ರಬೀಉಲ್ ಅವ್ವಲ್ ತಿಂಗಳಲ್ಲಿ ಮೌಲಿದ್ ಓದಿದ್ದು, ಮಯ್ಯಿತ್ ಮಲಗಿಸಿದ್ದು, ಎಲ್ಲ ಇಲ್ಲೇ. ಹತ್ತಿರ ಮದ್ರಸ ಇರಲಿಲ್ಲವಾದ್ದರಿಂದ ಅಜ್ಜ ಒಬ್ಬರು ಮುಸ್ಲಿಯಾರರನ್ನು ಕರೆಸಿ ಚಾವಡಿಯನ್ನು ಓತುಪಳ್ಳಿ ಮಾಡಿದರು. ಎಂಬತ್ತರ ದಶಕದಲ್ಲಿ ನಾನು ಅಲಿಫ್ ಕಲಿತದ್ದು ಆ ಎರಡನೇ ಕಂಬಕ್ಕೆ ಬೆನ್ನು ಕೊಟ್ಟು. ಮಧ್ಯಾಹ್ನ ನಾವು ಎದ್ದು ಹೋದ ಕೂಡಲೇ ಹೆಂಗಸರು ಅಲ್ಲೇ ಗೆರಸೆ ಇಟ್ಟುಕೊಂಡು ಬೀಡಿ ಸುತ್ತಲು ಕೂರುತ್ತಿದ್ದರು. ಬೆಳಿಗ್ಗೆ ಮಕ್ಕಳ ಓದು, ಮಧ್ಯಾಹ್ನ ಕತ್ತರಿಯ ಶಬ್ದ. ನಮ್ಮ ಎಷ್ಟೋ ಮಂದಿಯ ಶಾಲೆಯ ಫೀಸು, ಅಕ್ಕಂದಿರ ಬಂಗಾರ, ಆ ಕತ್ತರಿಯಿಂದ ಬಂದದ್ದು. ಮುಂದೆ ಊರಿಗೆ ಮದ್ರಸದ ಕಟ್ಟಡ ಆಯಿತು, ಓತುಪಳ್ಳಿ ನಿಂತಿತು. ಬೀಡಿಯೂ ಕಮ್ಮಿಯಾಯಿತು. ಅಜ್ಜಿ ತೀರಿದ ಮೇಲೆ ಚಾವಡಿಯಲ್ಲಿ ಅಡಿಕೆ ಗೋಣಿ, ಹಳೆಯ ಸೈಕಲ್, ಯಾರದ್ದೋ ಮದುವೆಯಲ್ಲಿ ಉಳಿದ ಕುರ್ಚಿಗಳು.

ವಾಯಿದೆ ಪಡೆದ ಮರುವಾರ ನಾನು ಮೂಡುಬಿದಿರೆಗೆ ಹೋದೆ. ಕಾರಣ ದೊಡ್ಡದೇನಲ್ಲ. ಅಲ್ಲಿನ ಚೌಟರ ಅರಮನೆ ಮರದ ಕೆಲಸಕ್ಕೆ ಹೆಸರಾದದ್ದು ಎಂದು ಕೇಳಿದ್ದೆ. ಅಷ್ಟು ಹಳೆಯ ಮರದ ಮನೆಯನ್ನು ಅವರು ಹೇಗೆ ಇಟ್ಟುಕೊಂಡಿದ್ದಾರೆ ಎಂದು ಕಣ್ಣಾರೆ ನೋಡುವ ಆಸೆ. ವಿಟ್ಲಕ್ಕೆ ಒಂದು ಬಸ್ಸು, ಬಿ.ಸಿ.ರೋಡಿಗೆ ಇನ್ನೊಂದು, ಅಲ್ಲಿಂದ ಮೂಡುಬಿದಿರೆಗೆ ಮೂರನೆಯದ್ದು. ಹದಿನೆಂಟು ಬಸದಿಗಳ ಊರು ಅದು. ಜೈನ ಪೇಟೆಯಲ್ಲಿ ನನ್ನ ಟೊಪ್ಪಿ, ಗಡ್ಡ ನೋಡಿ ಯಾರಾದರೂ ಏನಾದರೂ ಅಂದಾರೋ ಎಂಬ ಸಣ್ಣ ಅಳುಕು ಇತ್ತು, ಸುಳ್ಳು ಹೇಳುವುದಿಲ್ಲ. ದಾರಿ ಕೇಳಿದ ಅಂಗಡಿಯವರು “ಅರಮನೆಗಾ? ಅಲ್ಲಿಯೇ ಸೀದ ಹೋಗಿ” ಎಂದು ಕೈ ತೋರಿಸಿದರು, ಅಷ್ಟೇ.

ಅರಮನೆ ಎಂದರೆ ಮೈಸೂರಿನದು ಕಣ್ಣ ಮುಂದೆ ಬರುತ್ತದಲ್ಲ, ಇದು ಹಾಗಲ್ಲ. ಹೊರಗಿನಿಂದ ನೋಡಿದರೆ ಓಡಿನ ಮಾಡಿನ, ತಗ್ಗು ಜಗಲಿಯ ದೊಡ್ಡ ಮನೆ. ನಮ್ಮ ಕಡೆಯ ಗುತ್ತಿನ ಮನೆಯ ಅಣ್ಣನ ಹಾಗೆ ಕಾಣುತ್ತದೆ. 17ನೇ ಶತಮಾನದ ಕಟ್ಟಡ ಇದು. ಹಿಂದೆ ಇದ್ದಷ್ಟು ವಿಸ್ತಾರ ಈಗ ಇಲ್ಲ, ಉಳಿದದ್ದು ಒಂದು ಭಾಗ. ಚೌಟ ವಂಶದವರು ಈಗಲೂ ಅಲ್ಲೇ ವಾಸ ಮಾಡುತ್ತಾರೆ. ಆದ್ದರಿಂದ ಅದನ್ನು ಮ್ಯೂಸಿಯಂ ಎಂದು ತಿಳಿದು ನುಗ್ಗಬಾರದು. ಸಲಾಂ ಹೇಳಿ ಒಳಗೆ ಬರಲು ಅನುಮತಿ ಕೇಳಿ ಎಂದು ನಾವು ಮಕ್ಕಳಿಗೆ ಕಲಿಸುವ ಅದಬ್ ಇಲ್ಲಿಯೂ ಬೇಕು.

ಒಳಗೆ ಚಾವಡಿಯ ಕಂಬಗಳ ಎದುರು ನಿಂತಾಗ ನಮ್ಮ ಮರದ ವ್ಯಾಪಾರಿ ನೆನಪಾದರು. ಇಲ್ಲಿ ಬೆರಳಿನಿಂದ ಬಡಿಯಲು ಜಾಗವೇ ಇಲ್ಲ, ಅಷ್ಟು ಕೆತ್ತನೆ. ಒಂದು ಕಂಬದಲ್ಲಿ ಆನೆ ಇದೆ. ಹತ್ತಿರ ಹೋದರೆ ಅದು ಆನೆಯಲ್ಲ, ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯ ಆಕಾರ ಆಗಿದ್ದಾರೆ. ನವನಾರೀಕುಂಜರ ಎಂದು ಅದರ ಹೆಸರು. ಇನ್ನೊಂದರಲ್ಲಿ ಐದು ಹೆಂಗಸರು ಸೇರಿ ಕುದುರೆಯಾಗಿದ್ದಾರೆ, ಅದು ಪಂಚನಾರೀತುರಗ. ದೂರದಿಂದ ಒಂದು, ಹತ್ತಿರದಿಂದ ಇನ್ನೊಂದು. ನೋಡುವವನ ಕಣ್ಣಿನ ಜೊತೆ ಆಚಾರಿ ಆಟ ಆಡಿದ್ದಾನೆ. ಮೇಲೆ ಮುಚ್ಚಿಗೆಯಲ್ಲೂ ಕೆತ್ತನೆ ಉಂಟು.

ಮನುಷ್ಯರ, ಪ್ರಾಣಿಗಳ ರೂಪ ಕೆತ್ತುವುದು ನಮ್ಮಲ್ಲಿ ಇಲ್ಲ. ನಮ್ಮ ತರವಾಡಿನ ದಾರಂದದಲ್ಲಿ ಇರುವುದು ಬಳ್ಳಿ, ಎಲೆ, ಎಂಟು ಎಸಳಿನ ಹೂ. ಆದರೆ ಚೌಟರ ಕಂಬದ ಅಂಚಿನಲ್ಲಿ ಓಡುವ ಬಳ್ಳಿಯನ್ನು ನೋಡುತ್ತಾ ನಿಂತಾಗ, ಈ ಬಳ್ಳಿ ನನಗೆ ಗೊತ್ತು ಎನಿಸಿತು. ಯಜಮಾನ ಆನೆ ಬೇಕು ಎಂದರೆ ಆನೆ, ಬೇಡ ಎಂದರೆ ಹೂ. ಉಳಿ ಹಿಡಿದ ಕೈಯ ಅಭ್ಯಾಸ ಮಾತ್ರ ಕರಾವಳಿಯ ಉದ್ದಕ್ಕೂ ಒಂದೇ ಎಂದು ನನ್ನ ಊಹೆ.

ಚೌಟರು ಜೈನ ಅರಸರು. 12ನೇ ಶತಮಾನದಿಂದ 18ನೇ ಶತಮಾನದವರೆಗೆ ತುಳುನಾಡಿನ ಒಂದು ಭಾಗವನ್ನು ಆಳಿದವರು. ಮೊದಲು ಉಳ್ಳಾಲ, ಸೋಮೇಶ್ವರದ ಕಡೆ, ಆಮೇಲೆ ಪುತ್ತಿಗೆ, ಅಲ್ಲಿಂದ ಮೂಡುಬಿದಿರೆ. ಅಳಿಯಸಂತಾನದ ಕ್ರಮ, ಅಂದರೆ ಹಕ್ಕು ತಾಯಿಯ ಕಡೆಯಿಂದ ಇಳಿಯುವುದು. ಪೋರ್ಚುಗೀಸರ ಜೊತೆ ಹೋರಾಡಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ವಂಶದವಳು. ಈ ಅರಮನೆಯಲ್ಲಿ ಅಬ್ಬಕ್ಕ ಇದ್ದಳು ಎಂದು ಕೆಲವರು ಹೇಳುವುದುಂಟು. ಅದು ಹೊಂದುವುದಿಲ್ಲ. ಪೋರ್ಚುಗೀಸರು ಉಳ್ಳಾಲದ ಮೇಲೆ ಬಿದ್ದದ್ದು 16ನೇ ಶತಮಾನದಲ್ಲಿ, ಈ ಕಟ್ಟಡ ಎದ್ದದ್ದು ಅದರ ನಂತರ.

ಅಬ್ಬಕ್ಕನ ಹೆಸರು ಬಂದಾಗ ನಮ್ಮವರಿಗೆ ಒಂದು ಕಥೆ ನೆನಪಾಗಬೇಕು. ಪೋರ್ಚುಗೀಸರು ಉಳ್ಳಾಲವನ್ನು ಹಿಡಿದಾಗ ಆಕೆ ತಪ್ಪಿಸಿಕೊಂಡು ಒಂದು ಮಸೀದಿಯಲ್ಲಿ ಆಶ್ರಯ ಪಡೆದಳು, ಅದೇ ರಾತ್ರಿ ಇನ್ನೂರು ಮಂದಿಯನ್ನು ಕೂಡಿಸಿ ತಿರುಗಿ ಬಿದ್ದಳು ಎಂದು ಹೇಳುತ್ತಾರೆ. ಕಲ್ಲಿಕೋಟೆಯ ಸಾಮೂದಿರಿಯ ಜೊತೆ ಆಕೆಗೆ ಮೈತ್ರಿ ಇತ್ತು. ಕಡಲಿನಲ್ಲಿ ಮೊಗವೀರರು, ಮುಸ್ಲಿಮರು ಆಕೆಯ ಬಲವಾಗಿದ್ದರು. ಆ ಅರಸು ಮನೆತನದ ಚಾವಡಿಯಲ್ಲಿ ಕನ್ಯಾನದ ಒಬ್ಬ ಮದ್ರಸದ ಉಸ್ತಾದ್ ನಿಂತು ಕಂಬ ನೋಡುವುದರಲ್ಲಿ ವಿಶೇಷ ಏನೂ ಇಲ್ಲ ಎಂದು ಆಮೇಲೆ ಅನಿಸಿತು. ಬಸ್ಸಿನಲ್ಲಿ ಇದ್ದ ಅಳುಕು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಅರಮನೆಯ ಕೆಲಸವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಕಟ್ಟಿದಾಗ ಅದು ಆಡಳಿತದ ಮನೆ. ನ್ಯಾಯ ಪಂಚಾಯಿತಿಕೆ, ಕಂದಾಯ, ಊರಿನ ಕಟ್ಟುಕಟ್ಟಳೆ ಎಲ್ಲ ಚಾವಡಿಯಲ್ಲಿ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಕರಾವಳಿಗೆ ಇಳಿದ ಮೇಲೆ ತುಳುನಾಡಿನ ಸಣ್ಣ ಅರಸರ ಆಳ್ವಿಕೆ ಮುಗಿಯಿತು. 1799ರ ನಂತರ ಬ್ರಿಟಿಷರು ಬಂದರು. ಅರಸರು ಪಿಂಚಣಿದಾರರಾದರು, ಅರಮನೆ ಭೂಮಿ ಇರುವ ದೊಡ್ಡ ಕುಟುಂಬದ ಮನೆಯಾಯಿತು. ಭೂಮಿಯೂ ಹೋದ ಮೇಲೆ ಬರೀ ಮನೆ. ಈಗ ಮನೆಯೂ ಹೌದು, ದೂರದಿಂದ ಬಂದವರು ಕಂಬ ನೋಡಿ ಹೋಗುವ ಜಾಗವೂ ಹೌದು. ಆಳ್ವಿಕೆ ಹೋಯಿತು ಎಂದು ಕಂಬವನ್ನು ಕಿತ್ತು ಮಾರಲಿಲ್ಲ. ಅದನ್ನು ನಾನು ಗಮನಿಸಿದೆ.

ಅಲ್ಲಿಂದ ಸಾವಿರ ಕಂಬದ ಬಸದಿಯ ಕಡೆ ಹೋಗಿ ಹೊರಗಿನಿಂದ ನೋಡಿದೆ. 1430ರಲ್ಲಿ ಕಟ್ಟಿದ್ದು. ಕೆಳಗಿನ ಅಂತಸ್ತು ಕಲ್ಲು, ಮೇಲಿನವು ಮರ. ಅದರ ಇಳಿಜಾರು ಮಾಡುಗಳನ್ನು ನೋಡಿ ಬ್ರಿಟಿಷರ ಕಾಲದ ವಿದ್ವಾಂಸ ಫರ್ಗುಸನ್ ನೇಪಾಳದ ಕಟ್ಟಡಗಳಿಗೆ ಹೋಲಿಸಿದ್ದ. ನೇಪಾಳಕ್ಕೂ ಮೂಡುಬಿದಿರೆಗೂ ಏನು ಸಂಬಂಧ ಎಂಬುದು ವಿದ್ವಾಂಸರ ಚರ್ಚೆ. ನನ್ನ ಮಟ್ಟಿಗೆ, ಮರ ಇರುವ, ಮಳೆ ಬೀಳುವ ಊರಿನಲ್ಲಿ ಬುದ್ಧಿ ಇರುವ ಆಚಾರಿ ಇದ್ದರೆ ಇಂಥದ್ದೇ ಮಾಡು ಬರುತ್ತದೆ.

ನಮ್ಮ ಪಳ್ಳಿಗಳೂ ಹೀಗೇ ಇದ್ದವು ಎಂದು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಅವರಿಗೆ ಮಸೀದಿ ಎಂದರೆ ಗುಂಬಜ್, ಮಿನಾರ, ಮಾರ್ಬಲ್. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಗೆ, ನಮ್ಮವರ ಬಾಯಲ್ಲಿ ಬೆಲಿಯೆ ಪಳ್ಳಿಗೆ, ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕ್ರಿ.ಶ. 644ರಲ್ಲಿ ಅರಬ್ ವ್ಯಾಪಾರಿಗಳಿಂದ ಆರಂಭವಾದದ್ದು ಎಂದು ಪರಂಪರೆಯ ಮಾತು. ಆಮೇಲೆ ಟಿಪ್ಪು ಸುಲ್ತಾನ್ ನವೀಕರಿಸಿ ಮಗಳ ಹೆಸರು ಇಟ್ಟರು ಎಂದೂ ಹೇಳುತ್ತಾರೆ. ಹೊರಗಿನ ಭಾಗ ಎಷ್ಟೇ ಬದಲಾದರೂ ಒಳಗಿನ ಹಳೆಯ ಪಳ್ಳಿ ಮರದ್ದು. ಹದಿನಾರು ಮರದ ಕಂಬ, ಮೇಲೆ ಕೆತ್ತಿದ ಹಲಗೆ. ಅಲ್ಲಿ ಅಸರ್ ನಮಾಝಿಗೆ ನಿಂತರೆ ಬೇಸಗೆಯ ಬಂದರಿನ ಧಗೆ ಹೊರಗೇ ನಿಂತಿರುತ್ತದೆ. ಕಲ್ಲಿಕೋಟೆಯ ಕುಟ್ಟಿಚ್ಚಿರದ ಮಿಸ್‌ಕಾಲ್ ಪಳ್ಳಿಯೂ ಹಾಗೇ, 14ನೇ ಶತಮಾನದಲ್ಲಿ ಒಬ್ಬ ಹಡಗಿನ ವ್ಯಾಪಾರಿ ಕಟ್ಟಿಸಿದ ಅಂತಸ್ತು ಅಂತಸ್ತಿನ ಮರದ ಪಳ್ಳಿ. 1510ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿ ಇಟ್ಟರು, ಊರವರು ಪುನಃ ಕಟ್ಟಿದರು. ಅದರ ಸುತ್ತ ಇರುವ ತರವಾಡುಗಳಲ್ಲಿ ಮದುವೆಯಾದ ಒಬ್ಬೊಬ್ಬ ಹೆಣ್ಣಿಗೂ ಒಂದೊಂದು ‘ಅರ’, ಅಂದರೆ ಕೋಣೆ. ಗಂಡ ಹೆಂಡತಿಯ ಮನೆಗೆ ಬರುವ ಕ್ರಮ. ನಮ್ಮ ಹಳೆಯ ತರವಾಡುಗಳಲ್ಲಿ ಸಾಲಾಗಿ ಕೋಣೆಗಳು ಏಕೆ ಇವೆ ಎಂದು ಕೇಳುವವರಿಗೆ ಉತ್ತರ ಅಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳನ್ನು ಲೆಕ್ಕ ಹಾಕಿ ಕಟ್ಟಿದ ಮನೆಗಳು ಅವು.

ಹಾಗಾದರೆ ಇಂಥ ಮನೆಗಳು ಖಾಲಿಯಾದದ್ದು ಏಕೆ? “ಮಕ್ಕಳಿಗೆ ಹಳೆಯದರ ಮೇಲೆ ಪ್ರೀತಿ ಇಲ್ಲ” ಎಂದು ಹಿರಿಯರು ಬೈಯುತ್ತಾರೆ. ನನಗೆ ಅದು ಪೂರ್ತಿ ಸರಿ ಎನಿಸುವುದಿಲ್ಲ. ಒಂದು ಕಾಲದಲ್ಲಿ ಈ ಮನೆಗಳನ್ನು ಪಾಲು ಮಾಡಲು ಕಾನೂನಿನಲ್ಲಿಯೇ ದಾರಿ ಇರಲಿಲ್ಲ. ಜೈನರು, ಬಂಟರು ಮೊದಲಾದವರ ಅಳಿಯಸಂತಾನದ ಕುಟುಂಬಗಳಿಗೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿನ ದಾರಿ ತೆರೆಯಿತು. ತಾಯಿ ಕಡೆಯ ಕ್ರಮದಲ್ಲಿದ್ದ ಮಾಪ್ಪಿಳ ತರವಾಡುಗಳಿಗೆ ಅದಕ್ಕೂ ಹತ್ತು ವರ್ಷ ಮೊದಲೇ ಬೇರೆ ಕಾಯ್ದೆ ಬಂದಿತ್ತು. ಪಾಲು ಎಂದರೆ ನ್ಯಾಯವೇ. ಫರಾಇಝ್ ಕಲಿಸುವ ನಾನು ಪಾಲು ತಪ್ಪು ಎಂದು ಹೇಗೆ ಹೇಳಲಿ? ಆದರೆ ಹೊಲವನ್ನು ಪಾಲು ಮಾಡಿದ ಹಾಗೆ ಚಾವಡಿಯನ್ನು ಪಾಲು ಮಾಡಲು ಬರುವುದಿಲ್ಲ.

ಆಮೇಲೆ 1974ರ ಭೂಸುಧಾರಣೆ ಬಂತು. ಉಳುವವನಿಗೆ ಭೂಮಿ ಸಿಕ್ಕಿತು, ನಮ್ಮವರಲ್ಲೂ ಗೇಣಿಗೆ ದುಡಿಯುತ್ತಿದ್ದ ಎಷ್ಟೋ ಮನೆಗಳಿಗೆ ಅಂದು ಮೊದಲ ಬಾರಿ ಸ್ವಂತ ಜಾಗವಾಯಿತು. ಅಲ್‌ಹಮ್ದುಲಿಲ್ಲಾಹ್, ಅದನ್ನು ಮರೆಯಬಾರದು. ಗೇಣಿ ಅಕ್ಕಿ ಬರುತ್ತಿದ್ದ ದೊಡ್ಡ ಮನೆಗಳಿಗೆ ಮಾತ್ರ ಆ ದಿನದಿಂದ ಪತ್ತಾಯ ಖಾಲಿ. ನಮ್ಮ ಪತ್ತಾಯ ನೋಡಿದವರಿಗೆ ಗೊತ್ತು, ಒಳಗೆ ಮೂರು ಮಕ್ಕಳು ಅಡಗಿ ಕೂರಬಹುದು. ಅದೇ ಕಾಲಕ್ಕೆ ಗಲ್ಫಿನ ದಾರಿ ತೆರೆಯಿತು. ದುಬೈ, ದಮ್ಮಾಮ್‌ನಿಂದ ಬಂದ ಹಣದಲ್ಲಿ ಮೊದಲು ಎದ್ದದ್ದು ಟೆರೇಸ್ ಮನೆ. ನಮ್ಮ ಮಾವಂದಿರನ್ನು ನಾನು ಬೈಯುವುದಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಓಡು ತೆಗೆದು ಹಾಕುವುದು, ರಾತ್ರಿ ಸೋರುವಲ್ಲಿ ಪಾತ್ರೆ ಇಡುವುದು, ಕಾಯಿಲೆಯವರಿಗೆ ಮನೆಯೊಳಗೆ ಪಾಯಿಖಾನೆ ಇಲ್ಲದಿರುವುದು, ಇದನ್ನೆಲ್ಲ ಅನುಭವಿಸಿದವರಿಗೆ ಟೆರೇಸ್ ಏನು ಎಂದು ಗೊತ್ತು. ಅಜ್ಜಿಯೇ ಕೊನೆಯ ಮೂರು ವರ್ಷ ಚಿಕ್ಕ ಮಾವನ ಹೊಸ ಮನೆಯಲ್ಲಿ ಇದ್ದದ್ದು, ಹಳೆಯ ಮನೆಯ ಹೊಸ್ತಿಲು ದಾಟಲು ಆಗುವುದಿಲ್ಲ ಎಂದು.

ಓಡಿನ ಬಗ್ಗೆ ಒಂದು ಮಾತು. ‘ನಮ್ಮ ಸಂಪ್ರದಾಯದ ಹಂಚು’ ಎಂದು ಎಲ್ಲರೂ ಹೇಳುತ್ತಾರೆ. ಮಂಗಳೂರು ಹಂಚಿನ ಮೊದಲ ಕಾರ್ಖಾನೆ ಬಾಸೆಲ್ ಮಿಶನ್‌ನವರದು, 1865ರಲ್ಲಿ ಶುರುವಾದದ್ದು. ಅದಕ್ಕೆ ಮೊದಲು ಸಾಮಾನ್ಯ ಮನೆಗಳಿಗೆ ಮುಳಿಹುಲ್ಲು, ಮಡಲು. ಅಂದರೆ ನಮ್ಮ ಅಜ್ಜಂದಿರೂ ಒಮ್ಮೆ ‘ಹೊಸ ಫ್ಯಾಶನ್’ ಮಾಡಿದವರೇ. ಹುಲ್ಲು ತೆಗೆದು ಓಡು ಹಾಕಿದರು, ಕೆಳಗಿನ ಕಂಬವನ್ನು ಉಳಿಸಿಕೊಂಡರು. ನಾವು ಓಡಿನ ಜೊತೆ ಕಂಬವನ್ನೂ ತೆಗೆಯುತ್ತಿದ್ದೇವೆ, ವ್ಯತ್ಯಾಸ ಅಷ್ಟೇ.

ತೆಗೆದ ಕಂಬ ಎಲ್ಲಿಗೆ ಹೋಗುತ್ತದೆ? ವ್ಯಾಪಾರಿಯನ್ನೇ ಕೇಳಿದೆ. ಅವರು ಮುಚ್ಚುಮರೆ ಮಾಡದೆ ಹೇಳಿದರು. ಒಳ್ಳೆಯ ಕೆತ್ತನೆ ಇದ್ದರೆ ರೆಸಾರ್ಟಿನವರು, ಹೋಟೆಲಿನವರು ಒಯ್ಯುತ್ತಾರೆ. ಇಲ್ಲದಿದ್ದರೆ ಸೀಳಿ ಮಂಚ, ಕಿಟಕಿ ಮಾಡುತ್ತಾರೆ. ಹಳೆಯ ಹಲಸು ಬಾಗುವುದಿಲ್ಲ, ಬಿರಿಯುವುದಿಲ್ಲ, ಅದಕ್ಕೇ ಬೆಲೆ. ನಮ್ಮ ಅಜ್ಜಿಯ ನಿಕಾಹ್ ನೋಡಿದ ದಾರಂದ ಯಾವುದೋ ಊರಿನ ರೆಸಾರ್ಟಿನಲ್ಲಿ, ಅದರ ಕೆಳಗೆ ಯಾರೋ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕೆಟ್ಟದ್ದೇನೂ ಅಲ್ಲ. ಆದರೂ ಕೇಳಿ ಮನಸ್ಸು ಒಂಥರಾ ಆಯಿತು.

ಇನ್ನೊಂದು ದಾರಿಯನ್ನು ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ತೋರಿಸಿದ್ದಾರೆ. ಬಿದ್ದುಹೋಗುವ, ಒಡೆಯಲು ಹೊರಟ ಹಳೆಯ ಮನೆಗಳನ್ನು ಬಿಚ್ಚಿ, ತಂದು, ‘ಹಸ್ತಶಿಲ್ಪ’ ಎಂಬಲ್ಲಿ ಪುನಃ ಜೋಡಿಸಿದರು. ಕುಂಜೂರಿನ ಚೌಕಿಮನೆಯಿಂದ ಹಿಡಿದು ಒಂದು ನವಾಬ್ ಮಹಲ್‌ವರೆಗೆ ಅಲ್ಲಿ ಉಂಟು. ಬಿಚ್ಚಿ ಜೋಡಿಸಲು ಆದದ್ದು ಮರದ ಕೂಡುಗಳಿಂದ. ಕಾಂಕ್ರೀಟ್ ಮನೆಯನ್ನು ಬಿಚ್ಚಲು ಬರುವುದಿಲ್ಲ, ಪುಡಿ ಮಾಡಬಹುದು ಅಷ್ಟೆ. ಅಲ್ಲಿ ಒಂದು ಹಳೆಯ ಬ್ಯಾರಿ ತರವಾಡೂ ನಿಂತಿದ್ದರೆ ಎಂದು ನನಗೆ ಆಸೆ. ಆದರೆ ಎಲ್ಲರ ಮನೆಯೂ ಮಣಿಪಾಲಕ್ಕೆ ಹೋಗಲು ಆಗುವುದಿಲ್ಲವಲ್ಲ.

ಉಮ್ಮನ ತಂಗಿಯ ಪ್ರಶ್ನೆ ಬಾಕಿ ಇತ್ತು. ಚಾವಡಿ ವಕ್ಫ್ ಆಗಿದೆಯೇ? ನಾನು ಮದ್ರಸದ ಪಾಠ ಹೇಳುವವನು, ಮುಫ್ತಿಯಲ್ಲ. ನಮ್ಮ ಕಡೆಯ ಹಿರಿಯ ಆಲಿಂ ಒಬ್ಬರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು, “ಮನೆ ಯಾರ ಹೆಸರಿನಲ್ಲಿ ಇತ್ತು?” ಅಜ್ಜಿಯದು. “ಬಿಟ್ಟುಕೊಟ್ಟದ್ದು ಯಾರು?” ಅಜ್ಜ. “ಏನೆಂದು ಹೇಳಿದರು?” ಊರಿಗೆ ಮದ್ರಸ ಆಗುವವರೆಗೆ ಮಕ್ಕಳು ಇಲ್ಲಿ ಓದಲಿ ಎಂದು. ಅವರು ನಕ್ಕರು. ಶಾಫಿಈ ಮದ್‌ಹಬ್‌ನಲ್ಲಿ ವಕ್ಫ್ ಆಗಬೇಕಾದರೆ ವಸ್ತುವಿನ ಒಡೆಯನೇ ಸ್ಪಷ್ಟವಾಗಿ ಹೇಳಬೇಕು, ‘ಇಷ್ಟು ಕಾಲದವರೆಗೆ’ ಎಂದು ಅವಧಿ ಇಡಲು ಬರುವುದಿಲ್ಲ. ಇಲ್ಲಿ ಎರಡೂ ಇಲ್ಲ. ಅಜ್ಜಿಯ ಒಪ್ಪಿಗೆಯಿಂದ ನಡೆದ ಬಳಕೆ ಅಷ್ಟೇ, ಎರವಲು ಕೊಟ್ಟ ಹಾಗೆ. “ವಾರಸುದಾರರ ಸೊತ್ತು. ಮಾರಬಹುದು. ಮಾರಲೇಬೇಕು ಎಂದೂ ಇಲ್ಲ” ಎಂದು ಚಹಾ ಕುಡಿಸಿ ಕಳಿಸಿದರು.

ಮಾರಬಹುದು ಎಂದು ಗೊತ್ತಾದ ಮೇಲೆ ಜಗಳ ಸುಲಭವಾಗಬಹುದು ಎಂದು ನಾನು ಹೆದರಿದ್ದೆ. ಮುಂದಿನ ಶುಕ್ರವಾರ ಜುಮಾದ ನಂತರ ಊರಲ್ಲಿದ್ದ ಹತ್ತು ಮಂದಿ ಚಾವಡಿಯಲ್ಲೇ ಸೇರಿದೆವು. ಗಲ್ಫಿನವರು ಫೋನಿನಲ್ಲಿ. ನಾನು ಮೂಡುಬಿದಿರೆಯಲ್ಲಿ ತೆಗೆದ ಫೋಟೋಗಳನ್ನು ತೋರಿಸಿದೆ. ಒಂಬತ್ತು ಹೆಂಗಸರ ಆನೆಯನ್ನು ಮಕ್ಕಳು ಕೈಯಿಂದ ಕೈಗೆ ದಾಟಿಸಿ ಒಬ್ಬೊಬ್ಬರನ್ನೇ ಎಣಿಸಿದರು. ಎಂಟು ಎಂದು ಒಬ್ಬ, ಒಂಬತ್ತು ಎಂದು ಇನ್ನೊಬ್ಬಳು. ಅದೇ ಹೊತ್ತಿಗೆ ದೊಡ್ಡವರಲ್ಲಿ ಮಾತು ಬಿಸಿಯಾಯಿತು. ದೊಡ್ಡಮ್ಮನ ಒಬ್ಬ ಮಗನಿಗೆ ಮಗಳ ಮದುವೆ ಇದೆ, ಅವನಿಗೆ ಅವನ ಪಾಲಿನ ಹಣ ಈಗ ಬೇಕು. ಅದು ಅವನ ಹಕ್ಕು. ‘ಪರಂಪರೆ’ ಎಂದು ಹೇಳಿ ಅವನ ಬಾಯಿ ಮುಚ್ಚಿಸಿದರೆ ಅದು ಅನ್ಯಾಯ, ಹಾಗೆಂದೇ ನಾನು ಹೇಳಿದೆ. ಲೆಕ್ಕ ಹಾಕಿದರೆ ಅವನ ಪಾಲಿನ ಮೊತ್ತ ನಾವು ಹೆದರಿದಷ್ಟು ದೊಡ್ಡದಿರಲಿಲ್ಲ. ದಮ್ಮಾಮ್‌ನಲ್ಲಿರುವ ದೊಡ್ಡ ಮಾವನ ಮಗ ಫೋನಿನಲ್ಲೇ, “ಅವನ ಪಾಲನ್ನು ನಾನು ತೆಗೆದುಕೊಳ್ಳುತ್ತೇನೆ, ಮರಕ್ಕೂ ಜಾಗಕ್ಕೂ ಈಗಿನ ರೇಟಿನಲ್ಲೇ ಕೊಡುತ್ತೇನೆ” ಎಂದ. ಇನ್ನೂ ಇಬ್ಬರು ತಮ್ಮ ಪಾಲನ್ನು ಕೊಡುತ್ತೇವೆ ಎಂದರು. ಅವರ ಹಣಕ್ಕೆ ದಾರಿ ಆಗಿಲ್ಲ. ಒಬ್ಬರು ಇನ್ನೂ ಮಾರುವುದೇ ಒಳ್ಳೆಯದು ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ, ಖಾಲಿ ಮನೆ ನೋಡಿಕೊಳ್ಳುವುದು ಯಾರು?

ಉಮ್ಮನ ತಂಗಿ ಅದಕ್ಕೆ ಒಂದು ಉಪಾಯ ಹೇಳಿದರು. ಸಂಜೆ ಹೊತ್ತು ಹತ್ತಿರದ ಹೆಣ್ಣುಮಕ್ಕಳಿಗೆ ಎಸ್ಸೆಸ್ಸೆಲ್ಸಿಯ ಟ್ಯೂಶನ್ ಚಾವಡಿಯಲ್ಲಿ ನಡೆಸಿದರೆ ಹೇಗೆ ಎಂದು. ಕಲಿಸಲು ಬಿ.ಎಡ್. ಮುಗಿಸಿದ ಸೊಸೆ ಇದ್ದಾಳೆ. ಗೋಡೆ ಇಲ್ಲದ ಚಾವಡಿ, ಗಾಳಿ ಬೆಳಕು ಧಾರಾಳ. ಒಂದು ಬದಿಗೆ ಕೆಂಪು ಕಲ್ಲಿನಲ್ಲೇ ಶೌಚಾಲಯ ಕಟ್ಟಬೇಕು, ವಯರಿಂಗ್ ಹೊಸದು ಮಾಡಬೇಕು. ಹಳೆಯ ವಯರು ಮರದ ಮೇಲೆ ಓಡುವುದು ಬೆಂಕಿಗೆ ಕರೆಯೋಲೆ. ಅಡಿಕೆ ಗೋಣಿ ಬೇರೆ ಕಡೆ ಹೋಗಬೇಕು. ಇದಕ್ಕೆಲ್ಲ ಎಷ್ಟು ಖರ್ಚು ಎಂದು ಲೆಕ್ಕ ಹಾಕುವ ಕೆಲಸ ನನ್ನ ತಲೆಗೆ ಬಂದಿದೆ.

ವ್ಯಾಪಾರಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಎಂದು ಹೇಳಿದೆ. “ಆಯ್ತು ಉಸ್ತಾದರೇ, ಮನಸ್ಸು ಬದಲಾದರೆ ನನಗೇ ಹೇಳಿ, ಬೇರೆಯವರಿಗೆ ಕೊಡಬೇಡಿ” ಎಂದರು. ಆಮೇಲೆ ಅವರಾಗಿಯೇ, ಉತ್ತರ ಮೂಲೆಯ ಪಕ್ಕಾಸಿನಲ್ಲಿ ಎರಡು ಸೋರಿ ಮೆತ್ತಗಾಗಿವೆ, ಈ ಮಳೆಗೆ ನಿಲ್ಲಲಿಕ್ಕಿಲ್ಲ ಎಂದು ತಿಳಿಸಿದರು. ವ್ಯಾಪಾರ ಆಗದಿದ್ದರೂ ಹೇಳಿದರಲ್ಲ, ಅಲ್ಲಾಹನು ಅವರಿಗೆ ಬರ್ಕತ್ ಕೊಡ್ಲಿ. ನಮ್ಮೂರಿನಲ್ಲಿ ಹಳೆಯ ಕೂಡು ಹಾಕಲು ಬರುವ ಆಚಾರಿ ಈಗ ಒಬ್ಬರೇ ಇದ್ದಾರೆ, ಪ್ರಾಯ ಎಪ್ಪತ್ತು ದಾಟಿದೆ. ಅವರ ಮಗ ಅಲ್ಯೂಮಿನಿಯಂ ಕಿಟಕಿಯ ಕೆಲಸಕ್ಕೆ ಹೋಗುತ್ತಾನೆ. ಎರಡು ಪಕ್ಕಾಸಿಗೆ ಹಲಸು ತರಿಸಿ ಇಡಿ, ಪತ್ತನಾಜೆಗೆ ಮುಂಚೆ ಬಂದು ಹಾಕಿ ಕೊಡುತ್ತೇನೆ, ಆದರೆ ಮಾಡು ಹತ್ತಲು ನನ್ನಿಂದ ಆಗುವುದಿಲ್ಲ, ಎರಡು ಗಟ್ಟಿ ಹುಡುಗರು ಬೇಕು ಎಂದಿದ್ದಾರೆ. ಮಾವನ ಮಗನೂ ನಾನೂ ಹತ್ತುವುದೆಂದು ಆಗಿದೆ.